ಮಾಗಿಯ ಚಳಿಯೂ ಕವಿಗಳ ದೃಷ್ಟಿಯೂ

ವಸಂತಕ್ಕೆ ಋತುರಾಜನೆಂಬ ಪದವಿಯನ್ನು ಕೊಟ್ಟವರು ಕವಿಗಳು. ವರ್ಷಾಕಾಲಕ್ಕೆ ನವಿಲಿನ ನರ್ತನವನ್ನೂ ವಿರಹಿಗಳ ಕಣ್ಣೀರನ್ನೂ ಒದಗಿಸಿದವರು ಅವರೇ; ಶರತ್ತಿಗೆ ಬೆಳದಿಂಗಳೂ ಹಂಸಗಳೂ ಅವರ ಕೈಯಿಂದಲೇ ದೊರೆತುವು. ಹೇಮಂತ ಶಿಶಿರಗಳೆಂಬ ಚಳಿಯ ಎರಡು ಋತುಗಳಿಗೆ ಮಾತ್ರ ಈ ಹಂಚಿಕೆಯಲ್ಲಿ ಕಿರಿಯ ಪಾಲು ಬಂದಿದೆ. ಶಿಶುಪಾಲವಧದ ಆರನೆಯ ಸರ್ಗದಲ್ಲಿ ಆರು ಋತುಗಳೂ ಏಕಕಾಲಕ್ಕೆ ರೈವತಕಪರ್ವತಕ್ಕೆ ಬಂದು ಶ್ರೀಕೃಷ್ಣನನ್ನು ಸೇವಿಸುತ್ತವೆ. ಅಲ್ಲಿಯೂ ವಸಂತಕ್ಕೆ ಸಂದ ಪದ್ಯಗಳು ಹೆಚ್ಚು, ಶಿಶಿರಕ್ಕೆ ಸಂದುವು ಕಡಿಮೆ. ಶಿಶಿರಮಾಸದ ಹೆಸರನ್ನೇ ತಾನು ಹೊತ್ತಿದ್ದ ಮಾಘಕವಿಯೂ ಆ ಋತುವಿಗೆ ಪಕ್ಷಪಾತವನ್ನು ತೋರಿಸಲಿಲ್ಲ.

ಕಾವ್ಯದ ಮಾತು ಹೀಗಾದರೆ ಮನೆಯ ಮಾತು ಬೇರೆಯಲ್ಲ. ಗೃಹಸ್ಥರು ಚಳಿಯ ಪ್ರಸ್ತಾಪವನ್ನೆತ್ತಿದರೆ ಅದು ಬಹುಮಟ್ಟಿಗೆ ದೂರಾಗಿಯೇ ಇರುತ್ತದೆ: ನೆಗಡಿ, ಕೀಲುನೋವು, ಒಡೆದ ತುಟಿ, ಒಣಗದ ಮಡಿಬಟ್ಟೆ, ಏಳಲೊಲ್ಲದ ಮಕ್ಕಳು. ಮಾವಿನ ಚಿಗುರನ್ನು ಕಂಡು ಹಿಗ್ಗುವ ಮನಸ್ಸು ಮಂಜು ಕವಿದ ಬೆಳಗನ್ನು ಕಂಡು ಕದವನ್ನು ಮುಚ್ಚುತ್ತದೆ. ಇದು ಸ್ವಭಾವವೋ ಅಥವಾ ಅಭ್ಯಾಸವೋ ಎಂಬುದೇ ಇಲ್ಲಿ ವಿಚಾರಕ್ಕೆ ತಕ್ಕ ಪ್ರಶ್ನೆ. ಸ್ವಭಾವವೇ ಆದರೆ ಮಾಡತಕ್ಕದ್ದೇನೂ ಇಲ್ಲ. ಅಭ್ಯಾಸವಾದರೆ, ಕಲಿತು ಬಂದದ್ದನ್ನು ಕಲಿತೇ ತಿದ್ದಿಕೊಳ್ಳಬಹುದು. ಅಭಿನವಗುಪ್ತಾಚಾರ್ಯರು ಸಹೃದಯನ ಲಕ್ಷಣವನ್ನು ಹೇಳುವಾಗ, ಕಾವ್ಯಪರಿಶೀಲನದ ಅಭ್ಯಾಸದಿಂದ ಮನಸ್ಸೆಂಬ ಕನ್ನಡಿಯು ನಿರ್ಮಲವಾಗಿರಬೇಕೆಂದು ವಿಧಿಸಿದರು. ಕನ್ನಡಿಯನ್ನು ಉಜ್ಜಬೇಕೆಂದರೆ ಅದು ಹುಟ್ಟಿನಿಂದಲೇ ಹೊಳೆಯುವ ವಸ್ತುವಲ್ಲವೆಂದೇ ಅರ್ಥ. ರಸಾಸ್ವಾದಕ್ಕೆ ಈ ನಿಯಮವು ಸಲ್ಲುವುದಾದರೆ ಋತುವಿನ ಆಸ್ವಾದಕ್ಕೂ ಸಲ್ಲಬೇಕು. ಆದುದರಿಂದ ಚಳಿಗಾಲವನ್ನು ಯಾವ ಕವಿಯು ಹೇಗೆ ಕಂಡನು, ಯಾರ ಕಣ್ಣಿನಿಂದ ನೋಡಿದರೆ ಅದರ ಸೌಂದರ್ಯವು ತಿಳಿಯುವುದು ಎಂಬುದನ್ನು ಪರಿಶೀಲಿಸುವುದು ಯುಕ್ತವಾಗಿದೆ.

ಮೊದಲು ಹೆಸರುಗಳನ್ನು ನೋಡಬಹುದು. ಮಾರ್ಗಶಿರ ಪುಷ್ಯಗಳು ಹೇಮಂತ, ಮಾಘ ಫಾಲ್ಗುನಗಳು ಶಿಶಿರ ಎಂಬುದು ಎಲ್ಲರೂ ಬಲ್ಲ ಎಣಿಕೆ. ಯಜುರ್ವೇದದಲ್ಲಿ ಈ ನಾಲ್ಕು ತಿಂಗಳುಗಳಿಗೆ ಬೇರೆಯ ಹೆಸರುಗಳುಂಟು: ಮೊದಲೆರಡು ಸಹಸ್, ಸಹಸ್ಯ; ಅನಂತರದವು ತಪಸ್, ತಪಸ್ಯ. ಸಹಸ್ ಎಂದರೆ ಬಲ. ಸಹಿಸುವುದೆಂಬ ಮಾತಿಗೂ ಅದಕ್ಕೂ ಧಾತುವು ಒಂದೇ. ತಪಸ್ಸೆಂದರೆ ಕಾವು, ಕಾವಿನಿಂದ ತನ್ನನ್ನು ಶೋಧಿಸಿಕೊಳ್ಳುವ ವ್ರತ. ಹೊರಗೆ ಶೀತವು ಅತ್ಯಧಿಕವಾಗಿರುವ ತಿಂಗಳಿಗೆ ಒಳಗಿನ ಕಾವನ್ನು ಸೂಚಿಸುವ ಹೆಸರನ್ನಿಟ್ಟ ಪ್ರಾಚೀನರು ಚಳಿಯನ್ನು ಬರಿಯ ಉಪದ್ರವವೆಂದು ಎಣಿಸಿರಲಾರರು. ಭಗವದ್ಗೀತೆಯ ಹತ್ತನೆಯ ಅಧ್ಯಾಯದಲ್ಲಿಯೂ ಶ್ರೀಕೃಷ್ಣನು ಋತುಗಳಲ್ಲಿ ತಾನು ವಸಂತವೆಂದು ಹೇಳಿದರೂ, ಮಾಸಗಳಲ್ಲಿ ಚೈತ್ರವೆನ್ನದೆ ಮಾರ್ಗಶೀರ್ಷವೆಂದನು. ಇಷ್ಟು ಗೌರವವಿದ್ದರೂ ಎಣಿಕೆಯಲ್ಲಿ ಒಂದು ಔದಾಸೀನ್ಯವು ಹಿಂದಿನಿಂದಲೂ ಉಂಟು. ಐತರೇಯಬ್ರಾಹ್ಮಣವು ಋತುಗಳು ಐದೆಂದು ಲೆಕ್ಕಮಾಡುವಾಗ ಹೇಮಂತ ಶಿಶಿರಗಳನ್ನು ಕೂಡಿಸಿ ಒಂದಾಗಿ ಹಿಡಿಯುತ್ತದೆ. ಗ್ರೀಷ್ಮವನ್ನೂ ವಸಂತವನ್ನೂ ಅದು ಅಲ್ಲಿ ಕೂಡಿಸಲಿಲ್ಲ. ಚಳಿಯ ಎರಡು ಋತುಗಳಿಗೆ ಮಾತ್ರ ಆ ಗತಿ ಬಂದಿತು. ಭೇದವನ್ನು ನೋಡದ ಕಡೆ ರಸವೂ ಹುಟ್ಟಲಾರದು. ಬೆಳೆದ ಪೈರಿನ ಮೇಲೆ ಹಿಮವು ಇಳಿಯುವ ಹೇಮಂತವೂ, ಎಲೆಯುದುರಿ ಗಾಳಿಯು ಒಣಗುವ ಶಿಶಿರವೂ ಒಂದೇ ಅಲ್ಲ.

ಈ ಭೇದವನ್ನು ಕ್ರಮವಾಗಿ ತೋರಿಸಿದ ಗ್ರಂಥವು ಋತುಸಂಹಾರ. ಅದರ ಆರು ಸರ್ಗಗಳಲ್ಲಿ ನಾಲ್ಕನೆಯದು ಹೇಮಂತಕ್ಕೆ, ಐದನೆಯದು ಶಿಶಿರಕ್ಕೆ ಮೀಸಲಾಗಿದೆ. ಸಂಸ್ಕೃತಗ್ರಂಥಗಳಲ್ಲಿ ಮೊಟ್ಟಮೊದಲು ಅಚ್ಚಾದ ಗೌರವವೂ ಇದಕ್ಕೇ ಸೇರಿದುದು. 1792ರಲ್ಲಿ ಸರ್ ವಿಲಿಯಂ ಜೋನ್ಸರು ಇದನ್ನು ಕಲಕತ್ತೆಯಲ್ಲಿ ಮುದ್ರಿಸಿದರು. ಇದು ಕಾಳಿದಾಸನದು ಹೌದೋ ಅಲ್ಲವೋ ಎಂಬ ವಾದವು ಹಳೆಯದು. ಮಲ್ಲಿನಾಥನು ರಘುವಂಶ, ಕುಮಾರಸಂಭವ, ಮೇಘದೂತಗಳಿಗೆ ವ್ಯಾಖ್ಯಾನವನ್ನು ಬರೆದು ಇದನ್ನು ಬಿಟ್ಟನೆಂಬುದು ಸಂಶಯಪಡುವವರ ಮುಖ್ಯಾಧಾರ. ಕವಿಯ ತಾರುಣ್ಯದ ಕೃತಿಯಾದುದರಿಂದ ಹೀಗಾಯಿತೆಂಬುದು ಒಪ್ಪುವವರ ಸಮಾಧಾನ. ಪ್ರಕೃತವಿಚಾರಕ್ಕೆ ಎರಡರಲ್ಲಿ ಯಾವುದಾದರೂ ಬಾಧಕವಿಲ್ಲ.

ಋತುಸಂಹಾರದ ಹೇಮಂತವು ಹೊಲದಲ್ಲಿ ಆರಂಭವಾಗುತ್ತದೆ. ಮಾಗಿದ ನೆಲ್ಲು, ಅರಳಿದ ಲೋಧ್ರ, ಅಳಿದ ತಾವರೆ, ಬೀಳುವ ಹಿಮ, ಇಷ್ಟನ್ನೂ ಕವಿಯು ಒಂದೇ ಪದ್ಯದಲ್ಲಿ ಸೇರಿಸಿ ಋತುವಿನ ಮುಖವನ್ನು ಕಣ್ಣ ಮುಂದಿಡುತ್ತಾನೆ. ಆದರೆ ಆ ಹೊಲದಲ್ಲಿ ಆತನು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬೇಗನೆ ಅಂತಃಪುರವನ್ನು ಹೊಕ್ಕು ಪ್ರಣಯಿಗಳ ವಿಲಾಸದಲ್ಲಿ ತೊಡಗುತ್ತಾನೆ. ಶಿಶಿರದಲ್ಲಂತೂ ಕಿಟಕಿಗಳನ್ನು ಮುಚ್ಚಿಯೇ ವರ್ಣನೆಯು ಸಾಗುತ್ತದೆ: ಗಾಳಿಯಾಡದ ಮನೆ, ಬೆಂಕಿ, ಎಳೆಬಿಸಿಲು, ದಪ್ಪ ಬಟ್ಟೆ, ಪ್ರೇಯಸಿಯ ಸಾನ್ನಿಧ್ಯ ಇವೇ ಆಗ ಸೇವ್ಯವಾದುವೆಂದು ಕವಿಯ ಮತ. ಬೇಸಗೆಯಲ್ಲಿ ಬೇಡಿ ಪಡೆಯುತ್ತಿದ್ದ ಚಂದನ, ಚಂದ್ರಕಿರಣ, ಉಪ್ಪರಿಗೆಯ ಮೇಲ್ಮಾಳಿಗೆ, ತಂಗಾಳಿಗಳು ಈಗ ಯಾರಿಗೂ ಬೇಡವಾದುವೆಂದು ಆತನು ತೋರಿಸುವ ಮಾತು ಮಾತ್ರ ಉಪಾದೇಯವಾದುದು. ಅದೇ ಚಂದ್ರ, ಅದೇ ಗಾಳಿ. ಬದಲಾದುದು ಕಾಲ ಮತ್ತು ಮೈ. ಹಿತವೂ ಅಹಿತವೂ ವಸ್ತುವಿನಲ್ಲಿ ಅಂಟಿಕೊಂಡಿಲ್ಲವೆಂಬ ವಿವೇಕವು ಇದರಿಂದ ಓದುಗನಿಗೆ ಬರುತ್ತದೆ. ಸರ್ಗದ ಕೊನೆಯಲ್ಲಿ ಬೆಲ್ಲದ ಭಕ್ಷ್ಯಗಳನ್ನೂ ಹೊಸ ಅಕ್ಕಿಯನ್ನೂ ಕಬ್ಬನ್ನೂ ಆತನು ನೆನೆದುದು, ಸಂಕ್ರಾಂತಿಯ ದಿನ ಎಳ್ಳುಬೆಲ್ಲವನ್ನೂ ಕಬ್ಬಿನ ಜಲ್ಲೆಯನ್ನೂ ಬೀರುವ ಕನ್ನಡದ ಮನೆಗಳಿಗೆ ನೆರೆಮನೆಯ ಮಾತಿನಂತೆ ಕೇಳುವುದು. ಇಷ್ಟಾದರೂ ಒಂದು ದೋಷವು ಉಳಿಯುತ್ತದೆ. ಋತುಸಂಹಾರವು ಶಿಶಿರದಲ್ಲಿ ಕಲಿಸುವುದು ಚಳಿಯನ್ನಲ್ಲ, ಚಳಿಯಿಂದ ತಪ್ಪಿಸಿಕೊಳ್ಳುವ ಸುಖವನ್ನು. ಕಿಟಕಿಯನ್ನು ಮುಚ್ಚಿದವನಿಗೆ ಯಾವ ಋತುವಾದರೇನು?

ಕಿಟಕಿಯ ಹೊರಗಿನ ಹೇಮಂತವನ್ನು ಕಂಡವನು ವಾಲ್ಮೀಕಿ. ಅರಣ್ಯಕಾಂಡದ ಹದಿನಾರನೆಯ ಸರ್ಗದಲ್ಲಿ ಶ್ರೀರಾಮನು ಪಂಚವಟಿಯಿಂದ ಬೆಳಗಿನ ಜಾವದ ಸ್ನಾನಕ್ಕಾಗಿ ಗೋದಾವರಿಗೆ ಹೊರಡುತ್ತಾನೆ. ಸೀತೆಯೂ ಕಲಶವನ್ನು ಹಿಡಿದ ಲಕ್ಷ್ಮಣನೂ ಹಿಂದೆ ಬರುತ್ತಾರೆ. ನಡೆಯುತ್ತ ಲಕ್ಷ್ಮಣನು ಹೇಮಂತವನ್ನು ವರ್ಣಿಸುತ್ತಾನೆ. ಅದು ಅಣ್ಣನಿಗೆ ಪ್ರಿಯವಾದ ಕಾಲವೆಂದು ಹೇಳಿಯೇ ಮೊದಲುಮಾಡುತ್ತಾನೆ. ಇಲ್ಲಿ ಸೌಧವಿಲ್ಲ, ಶಾಲುಗಳಿಲ್ಲ. ಪರ್ಣಶಾಲೆಯಲ್ಲಿ ಮಲಗಿ ಎದ್ದ ಮೂವರು ತಣ್ಣನೆಯ ಹೊಳೆಗೆ ನಡೆದಿದ್ದಾರೆ. ಚಳಿಯನ್ನು ಪ್ರಿಯವೆನ್ನಲು ಅತ್ಯಂತ ಕಡಿಮೆ ಕಾರಣವುಳ್ಳವರ ಬಾಯಿಂದ ಆ ಮಾತನ್ನು ಆಡಿಸಿದುದರಲ್ಲಿಯೇ ಆದಿಕವಿಯ ಮಹತ್ತ್ವವು ಕಾಣುತ್ತದೆ.

ಆ ವರ್ಣನೆಯ ಕ್ರಮವೂ ಗಮನಾರ್ಹವಾದುದು. ಮೊದಲು ಬರುವುದು ಬೆಳೆ. ಹೊಸ ಧಾನ್ಯದಿಂದ ಆಗ್ರಯಣವನ್ನು ಮಾಡಿ ಪಿತೃದೇವತೆಗಳನ್ನು ಅರ್ಚಿಸಿದ ಜನ, ಹಾಲು ಹೆಚ್ಚಿದ ಹಳ್ಳಿಗಳು, ಯಾತ್ರೆಗೆ ಹೊರಟ ಅರಸರು. ಅನಂತರ ದಿಕ್ಕುಗಳು, ಸೂರ್ಯನು ತೆಂಕಣಕ್ಕೆ ಸರಿದುದರಿಂದ ಬಡಗಣ ದಿಕ್ಕು ತಿಲಕವಳಿದ ಸ್ತ್ರೀಯಂತೆ ಮಂಕಾಗಿದೆ. ಚಂದ್ರನು ಉಸಿರು ತಾಗಿ ಕುರುಡಾದ ಕನ್ನಡಿಯಂತಿದ್ದಾನೆ. ಒಂಬತ್ತನೆಯ ಶತಮಾನದ ಆನಂದವರ್ಧನನು ಧ್ವನ್ಯಾಲೋಕದಲ್ಲಿ ಈ ಉಪಮೆಯನ್ನೇ ಆರಿಸಿಕೊಂಡು, ವಾಚ್ಯಾರ್ಥವನ್ನು ಸಂಪೂರ್ಣವಾಗಿ ಬಿಟ್ಟುಕೊಡುವ ಧ್ವನಿಪ್ರಭೇದಕ್ಕೆ ಉದಾಹರಣೆಯಾಗಿ ಕೊಟ್ಟನು. ಕಣ್ಣಿಲ್ಲದ ಕನ್ನಡಿಗೆ ಕುರುಡೆಲ್ಲಿಯದು? ಆದರೂ ಆ ಮಾತಿನಿಂದ ಮಂಜಿನ ಚಂದ್ರನು ಕಾಣುವಂತೆ ಬೇರೆ ಮಾತಿನಿಂದ ಕಾಣನು. ಶರತ್ಕಾಲದ ಪೂರ್ಣಚಂದ್ರನನ್ನು ಹೊಗಳಿದ ಕವಿಗಳು ಅಸಂಖ್ಯಾತರು. ಮಂಕಾದ ಚಂದ್ರನಲ್ಲಿಯೂ ನೋಡತಕ್ಕ ಒಂದು ರೂಪವುಂಟೆಂದು ತೋರಿಸಿದವನು ಈತನು.

ಬಳಿಕ ಕವಿಯು ಪ್ರಾಣಿಗಳ ಕಡೆಗೆ ತಿರುಗುತ್ತಾನೆ. ಬಹಳ ಬಾಯಾರಿದ ಕಾಡಾನೆಯೊಂದು ಸೊಂಡಿಲಿನಿಂದ ನೀರನ್ನು ಮುಟ್ಟಿ, ಮುಟ್ಟಿದೊಡನೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ನೀರುಹಕ್ಕಿಗಳು ದಡದಲ್ಲಿ ಕುಳಿತು, ಯುದ್ಧಕ್ಕೆ ಇಳಿಯಲು ಹೆದರುವ ಅಳ್ಳೆದೆಯವರಂತೆ ನೀರಿಗಿಳಿಯದೆ ಇವೆ. ಹೊಳೆಯು ಹಬೆಯಿಂದ ಮುಚ್ಚಿಹೋಗಿ, ಸಾರಸಗಳು ದನಿಯಿಂದ ಮಾತ್ರ ಇರವನ್ನು ತಿಳಿಸುತ್ತವೆ. ಅಮರಕೋಶದಲ್ಲಿ ಹಿಮಕ್ಕೆ ತುಷಾರ, ತುಹಿನ, ನೀಹಾರ, ಪ್ರಾಲೇಯ, ಅವಶ್ಯಾಯ, ಮಿಹಿಕಾ ಎಂದು ಬೇರೆ ಆರು ಹೆಸರುಗಳಿದ್ದರೂ, ಆ ಹೆಸರುಗಳನ್ನೆಲ್ಲ ಪೋಣಿಸಿದರೂ ಹುಟ್ಟದ ಶೀತವು ಆ ಒಂದು ಸೊಂಡಿಲಿನ ಚಲನೆಯಲ್ಲಿ ಹುಟ್ಟುತ್ತದೆ. ಆನೆಗೆ ನೀರೆಂದರೆ ಎಷ್ಟು ಪ್ರೀತಿಯೆಂಬುದನ್ನು ಬಲ್ಲವರಿಗೆ ಚಳಿಯ ಪ್ರಮಾಣವನ್ನು ಬೇರೆ ಹೇಳಬೇಕಾಗಿಲ್ಲ. ಚಳಿಗಾಲವನ್ನು ಆಸ್ವಾದಿಸಲು ಕಲಿಯುವವನ ಮೊದಲ ಪಾಠವು ಇದೇ ಆಗಬಹುದು: ತನ್ನ ಮೈಯ ನಡುಕವನ್ನು ಒಂದು ಕ್ಷಣ ಮರೆತು ಬೇರೊಂದು ಜೀವಿಯು ಅದೇ ಚಳಿಯನ್ನು ಹೇಗೆ ಎದುರಿಸುತ್ತಿದೆಯೆಂದು ನೋಡುವುದು.

ಈ ನೋಟವೇ ಸರ್ಗದ ಹೃದಯಸ್ಥಾನಕ್ಕೆ ದಾರಿಯಾಗುತ್ತದೆ. ಆನೆಯನ್ನೂ ಹಕ್ಕಿಗಳನ್ನೂ ವರ್ಣಿಸಿದ ಲಕ್ಷ್ಮಣನಿಗೆ ಇದ್ದಕ್ಕಿದ್ದಂತೆ ಭರತನ ನೆನಪಾಗುತ್ತದೆ. ರಾಜ್ಯಭೋಗವನ್ನು ತೊರೆದು ನೆಲದ ಮೇಲೆ ಮಲಗುವ ಆ ಸುಕುಮಾರನು ಈ ಹೊತ್ತಿನಲ್ಲಿ ಈ ಚಳಿಯಲ್ಲಿ ಸರಯುವಿಗೆ ಹೇಗೆ ಇಳಿಯುತ್ತಿರುವನೋ ಎಂದು ಆತನು ಮರುಗುತ್ತಾನೆ. ಇದೇ ಲಕ್ಷ್ಮಣನು ಹಿಂದೆ ಚಿತ್ರಕೂಟದಲ್ಲಿ ಭರತನ ಸೇನೆಯನ್ನು ಕಂಡು ಬಿಲ್ಲಿಗೆ ಕೈಯಿಕ್ಕಿದವನೆಂಬುದನ್ನು ಮರೆಯಬಾರದು. ಅಂದಿನ ಕ್ರೋಧವನ್ನು ಅಣ್ಣನ ಉಪದೇಶವು ಅಡಗಿಸಿತು; ಹೇಮಂತದ ಒಂದು ಬೆಳಗು ಅದನ್ನು ಕರಗಿಸಿ ಸ್ನೇಹವನ್ನಾಗಿ ಮಾಡಿತು. ಕೈಕೇಯಿಯ ಮೇಲೆ ಮಾತ್ರ ಆತನ ಕೋಪವು ಉಳಿದಿರುತ್ತದೆ. ಶ್ರೀರಾಮನು ಆ ನಿಂದೆಯನ್ನು ತಡೆದು, ಭರತನ ಮಾತನ್ನೇ ಮುಂದುವರಿಸೆಂದು ಕೇಳಿಕೊಳ್ಳುತ್ತಾನೆ. ಅನಂತರ ಸ್ನಾನ, ತರ್ಪಣ, ಸೂರ್ಯೋಪಾಸನೆ. ಮುಂದಿನ ಸರ್ಗದಲ್ಲಿಯೇ ಶೂರ್ಪಣಖಿಯು ಬಂದು ನಿಲ್ಲುತ್ತಾಳೆ. ಅಲ್ಲಿಂದ ಸೀತಾಪಹರಣದವರೆಗೆ ಅನರ್ಥಪರಂಪರೆ. ಮೂವರಿಗೂ ದೊರೆತ ಕಡೆಯ ಶಾಂತಿಯನ್ನು ಆದಿಕವಿಯು ವಸಂತದಲ್ಲಿಡದೆ ಹೇಮಂತದಲ್ಲಿಟ್ಟನು. ಪಂಪಾತೀರದ ವಸಂತವು ಬಂದಾಗ ಶ್ರೀರಾಮನು ಸೀತೆಯನ್ನು ಕಳೆದುಕೊಂಡು ಅಳುತ್ತಿದ್ದನು. ಋತುರಾಜನೆಂಬ ಪದವಿಯು ಯಾವ ಋತುವಿಗೆ ಸಲ್ಲತಕ್ಕುದೆಂಬುದನ್ನು ರಾಮಾಯಣವನ್ನು ಓದಿದವರು ಇನ್ನೊಮ್ಮೆ ಯೋಚಿಸಬೇಕು.

ಕಾಳಿದಾಸನ ಪ್ರೌಢಕೃತಿಯಲ್ಲಿ ಚಳಿಯು ಬೇರೊಂದು ರೂಪವನ್ನು ತಾಳಿದೆ. ಕುಮಾರಸಂಭವದ ಐದನೆಯ ಸರ್ಗದಲ್ಲಿ ಪಾರ್ವತಿಯು ತಪಸ್ಸನ್ನಾಚರಿಸುತ್ತ, ಹಿಮವನ್ನು ತೂರುವ ಗಾಳಿಯುಳ್ಳ ಪುಷ್ಯಮಾಸದ ಇರುಳುಗಳನ್ನು ನೀರಿನಲ್ಲಿ ನಿಂತು ಕಳೆಯುತ್ತಾಳೆ. ಕವಿಯು ಅಲ್ಲಿ ಪುಷ್ಯವೆನ್ನದೆ ಸಹಸ್ಯವೆಂಬ ವೈದಿಕನಾಮವನ್ನೇ ಬಳಸಿದ್ದಾನೆ. ಆ ಸ್ಥಿತಿಯಲ್ಲಿ ಅವಳ ಮನಸ್ಸು ಎಲ್ಲಿತ್ತು? ಎದುರಿಗೆ ಅಗಲಿ ಕೂಗುತ್ತಿದ್ದ ಚಕ್ರವಾಕದ ಜೋಡಿಯ ಮೇಲೆ ಅವಳಿಗೆ ಕನಿಕರವು ಹುಟ್ಟಿತಂತೆ. ಅವಳ ಚಳಿಯನ್ನು ಕುರಿತು ಕವಿಯು ಮರುಕದ ಮಾತನ್ನಾಡಲಿಲ್ಲ. ಅವಳು ಮರುಗಿದುದನ್ನು ಮಾತ್ರ ಹೇಳಿದನು. ಹಿಮಪಾತದಿಂದ ತಾವರೆಗಳೆಲ್ಲ ನಾಶವಾದ ಆ ಕೊಳಕ್ಕೆ ಅವಳ ಮುಖವೇ ತಾವರೆಯಾಯಿತೆಂಬುದು ಮುಂದಿನ ಪದ್ಯದ ಭಾವ. ಅಲ್ಲಿ ಎಸಳಿನಂತೆ ಅದುರುವ ತುಟಿಯೊಂದೇ ಚಳಿಯ ಗುರುತು. ಋತುಸಂಹಾರದಲ್ಲಿ ಅಳಿದ ತಾವರೆಯು ಋತುಲಕ್ಷಣಗಳ ಪಟ್ಟಿಯಲ್ಲಿ ಒಂದಾಗಿತ್ತು. ಇಲ್ಲಿ ಅದರ ಅಳಿವು ತುಂಬಿಬಂದಿದೆ. ಎರಡೂ ಒಬ್ಬನೇ ಬರೆದುದಾದರೆ, ನಡುವೆ ಆತನು ಚಳಿಗಾಲವನ್ನು ಕಲಿತನೆಂದೇ ಹೇಳಬೇಕು.

ಇಷ್ಟರಲ್ಲಿ ಒಂದು ಆಕ್ಷೇಪವು ಏಳದಿರದು. ಹೊಟ್ಟೆಗೆ ಅನ್ನವೂ ಮೈಗೆ ಕಂಬಳಿಯೂ ಉಳ್ಳವರು ಹಿಮದ ಚೆಲುವನ್ನು ಕುರಿತು ಮಾತನಾಡಬಹುದು; ಇಲ್ಲದವನಿಗೆ ಚಳಿಯು ಶತ್ರುವೇ ಹೊರತು ಸೌಂದರ್ಯವಲ್ಲ, ಆದುದರಿಂದ ಇಂಥ ಆಸ್ವಾದವು ಧನಿಕರ ವಿನೋದವಲ್ಲವೇ ಎಂದು ಕೇಳಬಹುದು. ಆಕ್ಷೇಪವು ಲಘುವಾದುದಲ್ಲ. ಆದರೆ ಇದನ್ನು ಮೊದಲು ಎತ್ತಿದವರೂ ಕವಿಗಳೇ. ಭೋಜರಾಜನ ಕಥೆಗಳೊಡನೆ ಹೇಳಿಬರುವ ಪ್ರಸಿದ್ಧವಾದ ಒಂದು ಸುಭಾಷಿತದಲ್ಲಿ ಬಡ ವಿದ್ವಾಂಸನು, ತನ್ನ ಮೊಣಕಾಲು, ಆಕಾಶದ ಸೂರ್ಯ, ಸಂಧ್ಯಾಕಾಲದ ಅಗ್ನಿ ಈ ಮೂರರ ನೆರವಿನಿಂದ ಚಳಿಯನ್ನು ಕಳೆದೆನೆಂದು ಅರಸನಿಗೆ ಬಿನ್ನಹಮಾಡುತ್ತಾನೆ. ಮೂರು ಹೆಸರುಗಳ ಪ್ರಾಸದ ಮೋಜಿನಲ್ಲಿ ಕೇಳುವವರು ನಕ್ಕುಬಿಡುತ್ತಾರೆ. ಮೊಣಕಾಲನ್ನು ಎದೆಗೆ ಅವಚಿಕೊಂಡು ಇರುಳನ್ನು ಕಳೆಯುವುದೆಂದರೇನೆಂಬುದು ನಗು ನಿಂತ ಮೇಲೆ ತಿಳಿಯುತ್ತದೆ. ಹಾಲನ ಹೆಸರಿನಲ್ಲಿರುವ ಪ್ರಾಕೃತದ ಗಾಥಾಸಪ್ತಶತಿಯಲ್ಲಿ ಮಾಘಮಾಸದಲ್ಲಿಯೇ ಒಬ್ಬ ಒಕ್ಕಲಿಗನು ತನ್ನ ಹೊದಿಕೆಯನ್ನು ಕೊಟ್ಟು ಎತ್ತನ್ನು ಕೊಳ್ಳುತ್ತಾನೆ. ಮನೆಯಾಕೆಯು ಜೊತೆಗಿರುವಾಗ ಹೊದಿಕೆಯೇಕೆಂಬುದು ಅವನ ಧೈರ್ಯ. ಗಾಥೆಯು ಶೃಂಗಾರದ್ದಾದರೂ, ಒಂದು ಎತ್ತಿಗಾಗಿ ಹೊದಿಕೆಯನ್ನು ಬಿಟ್ಟುಕೊಡಬೇಕಾದ ಬಾಳನ್ನು ಅದು ಮುಚ್ಚಿಡುವುದಿಲ್ಲ.

ಇವುಗಳಿಂದ ಆಕ್ಷೇಪಕ್ಕೆ ಉತ್ತರವು ತಾನೇ ದೊರೆಯುತ್ತದೆ. ಚಳಿಯನ್ನು ಸವಿಯಾಗಿಸಿ ತೋರಿಸುವುದು ಕವಿಯ ಕೆಲಸವಲ್ಲ. ವಾಲ್ಮೀಕಿಯೂ ಕಾಳಿದಾಸನೂ ಹಾಗೆ ಮಾಡಲಿಲ್ಲ. ಲಕ್ಷ್ಮಣನಿಗೆ ಚಳಿಯಲ್ಲಿ ಭರತನು ನೆನಪಾದನು, ಪಾರ್ವತಿಗೆ ಚಕ್ರವಾಕವು ಕಾಣಿಸಿತು. ಇನ್ನೊಬ್ಬರ ಚಳಿಯನ್ನು ನೆನೆಯಿಸದ ಹೇಮಂತವರ್ಣನೆಯು ಅಲಂಕಾರದಿಂದ ಎಷ್ಟು ಶೋಭಿಸಿದರೂ ಅಪೂರ್ಣವೆಂದೇ ತಿಳಿಯಬೇಕು. ಈ ಒರೆಗಲ್ಲಿಗೆ ಉಜ್ಜಿದರೆ ಋತುಸಂಹಾರದ ಮುಚ್ಚಿದ ಕಿಟಕಿಯು ಸೋಲುತ್ತದೆ, ಪಂಚವಟಿಯ ತೆರೆದ ದಾರಿಯು ಗೆಲ್ಲುತ್ತದೆ. ಬೆಳಗಿನ ಮಂಜನ್ನು ಕಂಡು ಸಂತೋಷಪಟ್ಟ ಗೃಹಸ್ಥನು ಬಾಗಿಲಲ್ಲಿ ಹಾಲು ಹಾಕುವವನ ಬರಿಗಿವಿಗಳನ್ನೂ ಕಂಡನಾದರೆ ಆತನ ಸಂತೋಷಕ್ಕೆ ಕುಂದು ಬರುವುದಿಲ್ಲ. ಹಳೆಯ ಶಾಲೊಂದು ಪೆಟ್ಟಿಗೆಯಿಂದ ಹೊರಬರುತ್ತದೆ.

ಕನ್ನಡಕಾವ್ಯದ ಸ್ಥಿತಿಯನ್ನು ನೋಡಿದರೆ ಇಲ್ಲಿ ಕೆಲಸವು ಬಹಳ ಉಳಿದಿದೆ. ದಂಡಿಯು ಕಾವ್ಯಾದರ್ಶದಲ್ಲಿ ಸರ್ಗಬಂಧಕ್ಕೆ ಋತುವರ್ಣನೆಯನ್ನು ವಿಧಿಸಿದನು. ಚಂಪೂಕವಿಗಳು ಅಷ್ಟಾದಶವರ್ಣನೆಗಳ ಸಾಲಿನಲ್ಲಿ ಅದನ್ನು ನಿಷ್ಠೆಯಿಂದ ನಡೆಸಿದರು. ಆದರೆ ಹೃದಯವು ಒಲಿದುದು ಬೇರೆ ಕಡೆಗೆ. 941ರಲ್ಲಿ ವಿಕ್ರಮಾರ್ಜುನವಿಜಯವನ್ನು ರಚಿಸಿದ ಪಂಪನು ಬನವಾಸಿಯನ್ನು ನೆನೆಯುವಾಗ ತೆಂಕಣ ಗಾಳಿ, ಮಲ್ಲಿಗೆ, ವಸಂತೋತ್ಸವಗಳನ್ನು ನೆನೆದನು. ಮುದ್ದಣನು (1870–1901) ಶ್ರೀರಾಮಾಶ್ವಮೇಧವನ್ನು ಮಳೆಗಾಲದಿಂದ ಆರಂಭಿಸಿದನು. ಬೇಂದ್ರೆಯವರು (1896–1981) ಶ್ರಾವಣವನ್ನು ಹಾಡಿದರು. ಮಾಗಿಗೆ ಇಂಥ ಭಾಗ್ಯವು ಒದಗಲಿಲ್ಲ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಸಂಸ್ಕೃತದ ಹೇಮಂತವು ಹಿಮದ ಹೇಮಂತ. ಕನ್ನಡನಾಡಿನಲ್ಲಿ ಹಿಮಪಾತವಿಲ್ಲ; ಬೆಂಗಳೂರಿನಲ್ಲಿ ದಾಖಲಾದ ಅತ್ಯಂತ ಕಡಿಮೆಯ ಉಷ್ಣತೆಯೇ 7.8 ಡಿಗ್ರಿ ಸೆಂಟಿಗ್ರೇಡ್, ಅದೂ 1884ರ ಜನವರಿ 13ರಂದು. ಕಾಣದ ಹಿಮವನ್ನು ಕಂಡಂತೆ ವರ್ಣಿಸಿದ ಪದ್ಯಗಳಲ್ಲಿ ಶಬ್ದವು ತಣ್ಣಗಿದ್ದರೂ ಓದುಗನ ಮೈಯಲ್ಲಿ ಚಳಿಯು ಹುಟ್ಟುವುದಿಲ್ಲ.

ಕಾಣುವ ಮಾಗಿಯಾದರೋ ಕನ್ನಡನಾಡಿನ ಒಂದೊಂದು ಸೀಮೆಯಲ್ಲಿ ಒಂದೊಂದು ಬಗೆಯಾಗಿದೆ. ಕೊಡಗಿನಲ್ಲಿ ಹುತ್ತರಿಯ ಇರುಳು ಹೊಸ ನೆಲ್ಲಿನ ತೆನೆಯನ್ನು ಕೊಯ್ದು ಮನೆಗೆ ತರುವರು. ಇದು ವಾಲ್ಮೀಕಿಯು ಹೇಳಿದ ಆಗ್ರಯಣದ ಹತ್ತಿರದ ನಂಟನೇ ಸರಿ. ಮೈಸೂರುಸೀಮೆಯಲ್ಲಿ ರಾಗಿಯ ಕಣಗಳು ತುಂಬುವುವು. ಇಬ್ಬನಿ ಬಿದ್ದಷ್ಟೂ ಅವರೆಗೆ ಸೊಗಡು ಹೆಚ್ಚುವುದೆಂದು ಒಕ್ಕಲಿಗರು ಹೇಳುವರು, ಹಿತುಕಿದ ಅವರೆಯ ಸಾರಿನ ಪರಿಮಳವು ಬೀದಿಗೆ ಬರುವುದು. ಧನುರ್ಮಾಸದಲ್ಲಿ ನಸುಕಿಗೆ ಮುಂಚೆಯೇ ದೇವಾಲಯದ ಘಂಟೆ ಕೇಳುವುದು, ಬಿಸಿ ಹುಗ್ಗಿಯ ನೈವೇದ್ಯವಾಗುವುದು. ವಿಜಯಪುರ, ಧಾರವಾಡಗಳ ಕರಿಯ ನೆಲದಲ್ಲಿ ಮಳೆ ನಿಂತ ಮೇಲೂ ಒಳತೇವವನ್ನು ಕುಡಿದು ಹಿಂಗಾರಿಯ ಬಿಳಿಜೋಳವು ನಿಲ್ಲುವುದು. ಎಳ್ಳಮವಾಸ್ಯೆಯ ದಿನ ಮನೆಮಂದಿಯೆಲ್ಲ ಸಜ್ಜೆಯ ರೊಟ್ಟಿಯ ಬುತ್ತಿಯೊಡನೆ ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲುವರು. ಹಗಲು ಅತ್ಯಂತ ಚಿಕ್ಕದಾಗುವುದು ಡಿಸೆಂಬರ್ 21, 22ರ ಸುಮಾರಿಗೆ; ಅಯನಚಲನದ ಕಾರಣದಿಂದ ಸಂಕ್ರಾಂತಿಯ ಹಬ್ಬವು ಈಗ ಜನವರಿ 14, 15ಕ್ಕೆ ಬೀಳುತ್ತಿದೆ. ಬೆಳಕು ತಿರುಗಿ ಮೂರು ವಾರಗಳಾದ ಮೇಲೆ, ಚಳಿಯು ಇನ್ನೂ ಗಟ್ಟಿಯಾಗಿರುವಾಗಲೇ, ಜನರು ಎಳ್ಳುಬೆಲ್ಲವನ್ನು ಹಂಚಿ ಒಳ್ಳೆಯ ಮಾತನ್ನಾಡುವರು. ಮತ್ತೆ ಶಿವರಾತ್ರಿಗೆ ಚಳಿಯು ಶಿವಶಿವಾ ಎನ್ನುತ್ತ ಹೊರಟುಹೋಗುವುದೆಂಬುದು ಹಳ್ಳಿಯವರ ಗಾದೆ. ಇಷ್ಟು ಸಾಮಗ್ರಿಯು ಕಣ್ಣೆದುರಿಗಿರಲು ಹಿಮವತ್ಪರ್ವತದಿಂದ ಹಿಮವನ್ನು ಸಾಲ ತರುವ ಅಗತ್ಯವೇನು?

ಮಾಗಿ ಎಂಬ ಮಾತು ಮಾಘಶಬ್ದದ ತದ್ಭವ. ಮಾಗುವುದೆಂಬ ಕ್ರಿಯಾಪದವಾದರೋ ಅಚ್ಚಕನ್ನಡ. ಹಣ್ಣಾಗುವುದು, ಪಕ್ವವಾಗುವುದು ಎಂದು ಅದರ ಅರ್ಥ. ವ್ಯುತ್ಪತ್ತಿಯಲ್ಲಿ ಇವೆರಡಕ್ಕೂ ಸಂಬಂಧವಿಲ್ಲ. ಇದೆಯೆಂದು ಸಾಧಿಸಹೊರಡುವುದು ಪಂಡಿತರಿಗೆ ಒಪ್ಪುವ ಕೆಲಸವಲ್ಲ. ಆದರೆ ಕನ್ನಡದ ಕಿವಿಯು ಇವೆರಡನ್ನೂ ಬಹುಕಾಲದಿಂದ ಒಟ್ಟಿಗೆ ಕೇಳುತ್ತ ಬಂದಿದೆ. ಹೊಲದಲ್ಲಿ ತೆನೆಯು ಮಾಗುವ ಕಾಲವೇ ಮಾಗಿ. ವಸಂತವನ್ನು ಮೆಚ್ಚಲು ಕಣ್ಣಿದ್ದರೆ ಸಾಕು, ಎಳೆಯ ಮಗುವೂ ಹೂವನ್ನು ಕಂಡು ಕೈಚಾಚುತ್ತದೆ. ಹೇಮಂತವನ್ನು ಮೆಚ್ಚಲು ಸ್ವಲ್ಪ ವಯಸ್ಸೂ ಸ್ವಲ್ಪ ಓದೂ ಸ್ವಲ್ಪ ಕನಿಕರವೂ ಬೇಕು. ಈ ಮೂರರಲ್ಲಿ ಮೊದಲನೆಯದು ತಾನಾಗಿ ಬರುತ್ತದೆ, ಉಳಿದೆರಡನ್ನು ಸಂಪಾದಿಸಬೇಕು. ಸಂಪಾದಿಸಲಿಚ್ಛಿಸುವವರು ಬರುವ ಮಾರ್ಗಶಿರದಲ್ಲಿ ಒಂದು ದಿನ ಸೂರ್ಯೋದಯಕ್ಕೆ ಮೊದಲು ಎದ್ದು, ಕಿಟಕಿಯನ್ನು ತೆರೆದಿಟ್ಟು, ಅರಣ್ಯಕಾಂಡದ ಹದಿನಾರನೆಯ ಸರ್ಗವನ್ನು ಮನೆಯ ಮಕ್ಕಳಿಗೆ ಕೇಳಿಸುವಂತೆ ಓದಲಿ. ಆನೆಯ ಪದ್ಯವು ಬಂದಾಗ ಮಕ್ಕಳು ನಗುವರು. ಭರತನ ಮಾತು ಬಂದಾಗ ಸುಮ್ಮನಾಗುವರು. ಅಷ್ಟಾದರೆ ಪಾಠವು ಸರಿಯಾಗಿ ನಡೆದಂತೆಯೇ ಆಯಿತು.